ಎಂಟು ಸೆಕೆಂಡಿನ ಕಲ್ಯಾಣ ಮಂಟಪ

ಚನ್ನರಾಯಪಟ್ಟಣದ ಸೀಮೆಯಲ್ಲಿ ಮದುವೆ ಗೊತ್ತಾದ ಮನೆಯವರು ಕಲ್ಯಾಣ ಮಂಟಪ ನೋಡಲು ಹೊರಡುವ ಗತ್ತೇ ಬೇರೆ. ಯಜಮಾನರು ಊಟದ ಹಾಲಿಗೆ ಹೋಗಿ ಒಂದು ಪಂಕ್ತಿಗೆ ಎಷ್ಟೆಲೆ ಬೀಳುತ್ತದೆ ಎಂದು ಎಣಿಸುತ್ತಾರೆ. ಹೆಂಗಸರು ಹೆಣ್ಣಿನ ಕೋಣೆಯ ಕನ್ನಡಿ, ಬಚ್ಚಲಿನ ನಲ್ಲಿ, ಬಾಗಿಲಿನ ಚಿಲಕ ಮೂರನ್ನೂ ಪರೀಕ್ಷೆ ಮಾಡುತ್ತಾರೆ. ಅಡುಗೆಯವರು ಒಲೆ ಎಷ್ಟು, ತೊಟ್ಟಿ ಎಷ್ಟು ಅಂತ ಕೇಳುತ್ತಾರೆ. ಜನರೇಟರಿನ ಡೀಸೆಲ್ಲು ನಮ್ಮದೋ ನಿಮ್ಮದೋ ಎಂಬ ಪ್ರಶ್ನೆಗೆ ಅರ್ಧ ಗಂಟೆ ಹೋಗುತ್ತದೆ. ಇಷ್ಟೆಲ್ಲ ಅಳೆದು, ಸುರಿದು, ಚೌಕಾಸಿ ಮಾಡಿ ಅಡ್ವಾನ್ಸ್ ಕೊಡುವ ಗುಂಪಿನಲ್ಲಿ ಒಬ್ಬನಾದರೂ ಹಾಲಿನ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿದ್ದನ್ನು ನಾನು ಕಂಡಿಲ್ಲ.

ತಟ್ಟಿದ್ದರೆ ಗೊತ್ತಾಗುತ್ತಿತ್ತು. ತಟ್ಟಿದ್ದು ಒಂದೇ ಚಪ್ಪಾಳೆಯಾದರೂ ಚಾವಣಿ ಅದನ್ನು ಗೋಡೆಗೆ ಎಸೆಯುತ್ತದೆ, ಗೋಡೆ ಗ್ರಾನೈಟ್ ನೆಲಕ್ಕೆ, ನೆಲ ತಿರುಗಿ ಚಾವಣಿಗೆ. ಈ ಕೈಚೆಂಡಾಟ ಮುಗಿಯುವಷ್ಟರಲ್ಲಿ ನೀವು ಬಾಡಿಗೆಯ ರಸೀದಿಗೆ ಸಹಿ ಹಾಕಿ ಪೆನ್ನು ವಾಪಸು ಕೊಟ್ಟಿರುತ್ತೀರಿ. ಮದುವೆಯ ದಿನ ಆ ಹಾಲಿನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು ಮಂತ್ರವೂ ಅಲ್ಲ, ಆಶೀರ್ವಾದವೂ ಅಲ್ಲ. ‘ಏನಂದ್ರು?’ ಅನ್ನುವುದು.

‘ಏನಂದ್ರು?’ ಎಂಬ ಕೂಗಿಗೆ ನಮ್ಮಲ್ಲಿ ಇರುವುದು ಒಂದೇ ಮದ್ದು: ‘ಸೌಂಡ್ ಜಾಸ್ತಿ ಕೊಡಪ್ಪಾ!’ ಮೈಕ್‌ಸೆಟ್ಟಿನವರು ಕೊಡುತ್ತಾರೆ. ಅವರದೇನು ಹೋಗಬೇಕು? ತಿರುಗಿಸುವ ಗುಂಡಿ ಅವರದು, ತಿರುಗುವ ತಲೆ ನಮ್ಮದು. ಸದ್ದು ಏರುತ್ತದೆ, ಜೊತೆಗೆ ಗೋಡೆಗಳ ಸದ್ದೂ ಅಷ್ಟೇ ಏರುತ್ತದೆ. ಹಿಂದಿನ ಸಾಲಿನ ಅಜ್ಜಿ ಮೊದಲು ಮೆಲ್ಲಗೆ ಕೇಳಿಸುತ್ತಿದ್ದ ಗೊಂದಲವನ್ನು ಈಗ ಜೋರಾಗಿ ಕೇಳಿಸಿಕೊಳ್ಳುತ್ತಾರೆ.

ಇದಕ್ಕೊಂದು ಲೆಕ್ಕವಿದೆ. ಲೆಕ್ಕ ಹಾಕಿದವರು ನಮ್ಮ ಹಾಗೆಯೇ ಕೇಳಿಸದ ಹಾಲಿನಿಂದ ಬೇಸತ್ತವರು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಫಾಗ್ ಕಲಾ ಸಂಗ್ರಹಾಲಯದಲ್ಲಿ ಒಂದು ಚೆಂದದ ಉಪನ್ಯಾಸ ಮಂದಿರ ಕಟ್ಟಿ ಕುಳಿತಿದ್ದರು. ಮೇಷ್ಟ್ರು ಒಂದು ಪದ ಆಡಿದರೆ ಅದು ಐದೂವರೆ ಸೆಕೆಂಡು ಅಲ್ಲೇ ಸುಳಿದಾಡುತ್ತಿತ್ತು. ಅಷ್ಟರಲ್ಲಿ ಇನ್ನೊಂದಿಷ್ಟು ಪದಗಳು ಅದರ ಮೈಮೇಲೆ ಬೀಳುತ್ತಿದ್ದವು. ಇದನ್ನು ಸರಿಮಾಡಯ್ಯಾ ಎಂದು ವ್ಯಾಲೇಸ್ ಸಬೀನ್ ಎಂಬ ಎಳೆಯ ಭೌತಶಾಸ್ತ್ರದ ಮೇಷ್ಟ್ರ ಕೊರಳಿಗೆ ಕಟ್ಟಿದರು. ಆತ ರಾತ್ರಿ ಊರೆಲ್ಲ ಮಲಗಿದ ಮೇಲೆ ಶಿಷ್ಯರನ್ನು ಕಟ್ಟಿಕೊಂಡು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ದಿಂಬುಗಳನ್ನು ಹೊತ್ತು ತಂದು ಹಾಸುವುದು, ಆರ್ಗನ್ ಕೊಳವೆ ಊದಿ ನಿಲ್ಲಿಸುವುದು, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುವುದು. ಬೆಳಗಾಗುವುದರೊಳಗೆ ದಿಂಬು ಸ್ವಸ್ಥಾನಕ್ಕೆ. ದಿಂಬು ಹೊತ್ತ ಶಿಷ್ಯರಿಗೆ ಅಂಕ ಎಷ್ಟು ಸಿಕ್ಕಿತೋ, ಲೋಕಕ್ಕಂತೂ ಒಂದು ಸೂತ್ರ ಸಿಕ್ಕಿತು.

ಸೂತ್ರ ಮಗ್ಗಿ ಬಲ್ಲವರಿಗೆಲ್ಲ ಎಟಕುತ್ತದೆ. ಹಾಲಿನ ಗಾತ್ರವನ್ನು ಘನ ಮೀಟರಿನಲ್ಲಿ ಹಿಡಿದು 0.161ರಿಂದ ಗುಣಿಸಿ. ಹಾಲಿನೊಳಗೆ ಸದ್ದನ್ನು ನುಂಗುವ ವಸ್ತು ಎಷ್ಟಿದೆಯೋ ಅದರಿಂದ ಭಾಗಿಸಿ. ಬಂದದ್ದು ಅನುರಣನ ಕಾಲ, ಅಂದರೆ ಸದ್ದು 60 ಡೆಸಿಬೆಲ್ ಇಳಿಯಲು, ಹತ್ತು ಲಕ್ಷದಲ್ಲಿ ಒಂದು ಪಾಲಾಗಲು, ಹಿಡಿಯುವ ಸೆಕೆಂಡು. ನುಂಗುವುದಕ್ಕೆ ಸಬೀನ್ ಇಟ್ಟುಕೊಂಡ ಅಳತೆಗೋಲು ತೆರೆದ ಕಿಟಕಿ. ಒಂದು ಚದರ ಮೀಟರ್ ಕಿಟಕಿ ತೆರೆದರೆ ಅದರತ್ತ ಹೋದ ಸದ್ದು ಹೋಯಿತೇ, ತಿರುಗಿ ಬರುವುದಿಲ್ಲ. ಅದಕ್ಕೆ ಪೂರ್ತಿ ಒಂದು ಅಂಕ. ಗಾರೆ ಗೋಡೆ, ಟೈಲ್ಸು, ಗ್ರಾನೈಟುಗಳಿಗೆ ನೂರಕ್ಕೆ ಎರಡು ಅಂಕ ಕೊಟ್ಟರೆ ಅದೇ ಉದಾರ.

ಈಗ ನಮ್ಮ ಕಡೆಯ ಒಂದು ಮಂಟಪ ಇಟ್ಟುಕೊಳ್ಳಿ. ಹೆಸರು ಬೇಡ, ಓನರು ನೆಂಟರೇ ಆಗಿರಬಹುದು. ನೂರಡಿ ಉದ್ದ, ಅರವತ್ತಡಿ ಅಗಲ, ಇಪ್ಪತ್ತಡಿ ಎತ್ತರ. ಸುಮಾರು 3,400 ಘನ ಮೀಟರ್ ಆಯಿತು. ಗೋಡೆ, ನೆಲ, ಚಾವಣಿ ಎಲ್ಲ ಸೇರಿ 1,700 ಚದರ ಮೀಟರ್. ನೂರಕ್ಕೆ ಎರಡರಂತೆ 34 ಅಂಕ. ತೆರೆದ ಬಾಗಿಲು ಕಿಟಕಿಗಳಿಗೆ ಇನ್ನೊಂದು 34. ಒಟ್ಟು 68. ಭಾಗಿಸಿ ನೋಡಿ: ಎಂಟು ಸೆಕೆಂಡು! ಮಾತು ತಿಳಿಯಬೇಕಾದರೆ ಹೆಚ್ಚುಕಡಿಮೆ ಒಂದು ಸೆಕೆಂಡು ಇರಬೇಕಾದ ಕಡೆ ಎಂಟು. ಪುರೋಹಿತರು ‘ಗಟ್ಟಿಮೇಳ’ ಅಂದದ್ದು ಅಡಗುವ ಹೊತ್ತಿಗೆ ಮೂರನೇ ಗಂಟು ಬಿದ್ದು, ಅಕ್ಷತೆ ಕಾಳು ಫೋಟೋಗ್ರಾಫರನ ತಲೆಯಲ್ಲಿರುತ್ತದೆ.

ಎಂಟು ಸೆಕೆಂಡಿನಲ್ಲಿ ಕೆಡುವುದು ಏನು? ನಾವು ಆಡುವ ಮಾತಿನಲ್ಲಿ ಬಲವೆಲ್ಲ ಸ್ವರಗಳದು, ಅರ್ಥವೆಲ್ಲ ವ್ಯಂಜನಗಳದು. ಆ, ಈ, ಊ ಎಳೆದರೆ ಹಾಲು ತುಂಬುತ್ತದೆ. ಕ, ತ, ಪ, ಸ ಎಂಬವು ಕ್ಷಣದಲ್ಲಿ ಬಂದು ಹೋಗುವ ಬಡಕಲು ಜೀವಗಳು. ಹಿಂದಿನ ‘ಆ’ಕಾರದ ಬಾಲ ಇನ್ನೂ ಗೋಡೆ ಸುತ್ತುತ್ತಿರುವಾಗ ಮುಂದಿನ ‘ತ’ಕಾರ ಬಂದರೆ ಅದರ ಗತಿ ಮುಗಿಯಿತು. ‘ತಾಳಿ ಕಟ್ಟುವ ಶುಭವೇಳೆ’ ಹಿಂದಿನ ಸಾಲಿಗೆ ಮುಟ್ಟುವಾಗ ‘ಆಳೀ ಅಅಉವ ಉಅಏಳೇ’ ಆಗಿರುತ್ತದೆ. ಅದರ ಭಾವ ಮಾತ್ರ ತಿಳಿದು, ಎಲ್ಲರೂ ಅಕ್ಷತೆ ಎಸೆಯುತ್ತಾರೆ.

ಇದರ ಮೇಲೆ ಮೈಕ್‌ಸೆಟ್ಟಿನವರ ಕೈಚಳಕ ಒಂದಿದೆ. ಅವರ ಮಿಕ್ಸರಿನಲ್ಲಿ ಎಕೋ ಎಂಬ ಗುಂಡಿ. ಪ್ರೊಡ್ಯೂಸರು, ಸ್ಟುಡಿಯೋ ಎಲ್ಲ ತಾನೇ ಎಂಬಂತೆ ಅದನ್ನು ಅರ್ಧಕ್ಕೆ ತಿರುಗಿಸಿಯೇ ಇಟ್ಟಿರುತ್ತಾರೆ. ಎಂಟು ಸೆಕೆಂಡು ತಾನಾಗಿ ಮೊಳಗುವ ಹಾಲಿಗೆ ಎಕೋ ಬೆರೆಸುವುದು ಕೋಡಿ ಬಿದ್ದ ಕೆರೆಗೆ ಟ್ಯಾಂಕರಿನಲ್ಲಿ ನೀರು ಹೊಯ್ದಂತೆ. ‘ಅದ್ಯಾಕಣ್ಣಾ ಎಕೋ?’ ಅಂದರೆ, ‘ವಾಯ್ಸಿಗೆ ಒಂದು ವೈಟ್ ಬತ್ತದೆ ಸಾ’ ಎನ್ನುತ್ತಾರೆ. ಬಂದ ವೈಟೆಲ್ಲ ಅಜ್ಜಿಯ ಕಿವಿಯ ಮೇಲೆ.

ಬೆಂಗಳೂರಿನಲ್ಲಿ ಸೌಂಡ್ ಇಂಜಿನಿಯರ್ ಆಗಿರುವ ನನ್ನ ಸೋದರಳಿಯ ಒಂದು ಮದುವೆಗೆ ಬಂದವನು ಸುಮ್ಮನೆ ಉಪ್ಪಿಟ್ಟು ತಿಂದು ಕೂರಬಾರದೇ? ಬೆಳಗಿನ ಜಾವ, ಜನ ಬರುವ ಮುಂಚೆ, ಪೆನ್ಸಿಲ್ಲಿನಷ್ಟು ತೆಳ್ಳಗಿನ ಒಂದು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಲ್ಯಾಪ್‌ಟಾಪು ಬಿಚ್ಚಿ, ಮೈಕ್‌ಸೆಟ್ಟಿನ ಅಣ್ಣನಿಂದ ಒಂದು ವೈರು ಇಸಕೊಂಡ. ‘ಒಂದೇ ನಿಮಿಷ ಮಾವ, ಹಾಲ್ ಹೆಂಗಿದೆ ಅಂತ ನೋಡ್ತೀನಿ.’ ಬಟನ್ ಒತ್ತಿದ. ಸ್ಪೀಕರಿನೊಳಗಿಂದ ಲಾರಿ ಗುಡ್ಡ ಹತ್ತುವ ದನಿಯಲ್ಲಿ ಶುರುವಾಗಿ, ಮೆಲ್ಲಗೆ ಏರಿ, ಶಂಖವಾಗಿ, ಸೈರನ್ನಾಗಿ, ಕೊನೆಗೆ ನನ್ನ ವಯಸ್ಸಿನವರಿಗೆ ಕೇಳದಷ್ಟು ಮೇಲೆ ಹೋಗಿ ಸದ್ದು ಮಾಯವಾಯಿತು. 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಒಂದು ಸ್ವೀಪಂತೆ. ಅಡುಗೆಮನೆಯಿಂದ ಭಟ್ಟರು ಸೌಟು ಹಿಡಿದೇ ಓಡಿ ಬಂದರು: ‘ಏನ್ ಸ್ವಾಮೀ, ಗ್ರೈಂಡರ್ ಸುಟ್ಟೋಯ್ತಾ?’

ಪರದೆಯ ಮೇಲೆ ಬಂದ ಗೆರೆಗೆ ಬೆಟ್ಟ ಕಣಿವೆಗಳೆಲ್ಲ ಇದ್ದವು. ಅಳಿಯ ಬೆಟ್ಟ ತೋರಿಸಿ ‘ಇಲ್ಲಿ ಗುಂಯ್ ಅಂತದೆ’, ಕಣಿವೆ ತೋರಿಸಿ ‘ಇಲ್ಲಿ ಏನೂ ಕೇಳಲ್ಲ’ ಎಂದ. ಆಮೇಲೆ ಅಲಂಕಾರಕ್ಕೆ ತಂದಿದ್ದ ಬಲೂನೊಂದನ್ನು ಸೂಜಿಯಲ್ಲಿ ಚುಚ್ಚಿ ಅದನ್ನೂ ರೆಕಾರ್ಡು ಮಾಡಿಕೊಂಡ. ಬಲೂನ್ ಒಡೆದ ಒಂದು ಸದ್ದಿನಲ್ಲಿ ಹಾಲಿನ ಜಾತಕ ಇರುತ್ತದಂತೆ. ಮೈಕ್‌ಸೆಟ್ಟಿನ ಅಣ್ಣ ಕಂಬಕ್ಕೆ ಒರಗಿ, ಬಾಯಲ್ಲಿ ಕಚ್ಚಿದ್ದ ಇನ್ಸುಲೇಷನ್ ಟೇಪು ತೆಗೆದು, ‘ಇಷ್ಟೆಲ್ಲಾ ಯಾಕೆ ಬುದ್ದೀ? ಹಲೋ ಒನ್ ಟೂ ತ್ರೀ ಅಂದ್ರೆ ನಂಗೆಲ್ಲಾ ಗೊತ್ತಾಯ್ತದೆ’ ಎಂದರು. ಅಳಿಯ ಸುಮ್ಮನಿದ್ದ. ಅಣ್ಣ ಒನ್ ಟೂ ತ್ರೀ ಅಂದರು. ಹಾಲು ಅದನ್ನು ಇಪ್ಪತ್ತು ಮೂವತ್ತರ ತನಕ ಎಣಿಸಿತು.

ಅಣ್ಣನ ಪರೀಕ್ಷೆಯ ನಿಜವಾದ ದೋಷ ಬೇರೆ ಇದೆ. ಅವರು ಪರೀಕ್ಷೆ ಮಾಡುವುದು ಖಾಲಿ ಹಾಲನ್ನು, ಆದರೆ ಮದುವೆ ನಡೆಯುವುದು ತುಂಬಿದ ಹಾಲಿನಲ್ಲಿ. ಕುಳಿತ ಒಬ್ಬ ಮನುಷ್ಯ ಅರ್ಧ ಚದರ ಮೀಟರಿಗೆ ತುಸು ಕಡಿಮೆ ಕಿಟಕಿಯಷ್ಟು ಸದ್ದು ನುಂಗುತ್ತಾನೆ. ಮೈಸೂರು ಸಿಲ್ಕು, ಶಾಲು, ಮಡಿಲ ಕೂಸು ಎಲ್ಲ ಸೇರಿ. ಐನೂರು ಜನ ಬಂದು ಕುಳಿತರೋ, 68 ಇದ್ದ ಅಂಕ 290ರ ಆಸುಪಾಸಿಗೆ ಹಾರುತ್ತದೆ, ಎಂಟು ಸೆಕೆಂಡು ಎರಡಕ್ಕಿಂತ ಕೆಳಗೆ ಇಳಿಯುತ್ತದೆ! ಮದುವೆಗೆ ಬಂದು ಮುಯ್ಯಿ ಕೊಡದೆ ಉಂಡು ಹೋದವನನ್ನು ಇನ್ನು ಮೇಲೆ ಬೈಯಬೇಡಿ. ಕುಳಿತಷ್ಟು ಹೊತ್ತು ಆತ ಸದ್ದು ನುಂಗಿ ಉಪಕಾರ ಮಾಡಿದ್ದಾನೆ.

ಕಷ್ಟ ಬರುವುದು ‘ಊಟಕ್ಕೆ ಏಳಬೇಕು’ ಎಂಬ ಕರೆ ಬಿದ್ದಾಗ. ಮೊದಲ ಪಂಕ್ತಿಗೆ ಸೀಟು ಹಿಡಿಯಲು ಮುನ್ನೂರು ಜನ ಎದ್ದು ಓಡುತ್ತಾರೆ. ಉಳಿದ ಇನ್ನೂರರ ಪಾಲಿಗೆ ಅನುರಣನ ಮತ್ತೆ ಮೂರೂವರೆ ಸೆಕೆಂಡಿಗೆ ಏರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಆರ್ಕೆಸ್ಟ್ರಾದವರು ಹಾಡು ಎತ್ತಿಕೊಳ್ಳುತ್ತಾರೆ. ಹಾಡಿದವರ ತಪ್ಪಿಲ್ಲ. ಅವರ ರಾಗ ಕೆಡಿಸಿದ್ದು ಹೋಳಿಗೆ.

ಇನ್ನು ಸ್ಪೀಕರಿನ ಸಂಗತಿ. ನಮ್ಮವರು ಸ್ಪೀಕರನ್ನು ವ್ಯಾಟಿನಲ್ಲಿ ಅಳೆಯುತ್ತಾರೆ. ಅಂಗಡಿಯವರು ಮಾರುವುದೂ ಹಾಗೆಯೇ. ಟೇಪ್ ರೆಕಾರ್ಡರ್ ಕಾಲದಲ್ಲಿ ಮುಂದುಗಡೆ ಬಂಗಾರದ ಅಕ್ಷರದಲ್ಲಿ ‘1000 ವ್ಯಾಟ್ ಪಿಎಂಪಿಒ’ ಎಂದು ಹೊಳೆಯುತ್ತಿತ್ತು. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಗೋಡೆಯ ಪ್ಲಗ್ಗಿನಿಂದ ಅದು ಎಳೆಯುತ್ತಿದ್ದದ್ದು ಹತ್ತಿಪ್ಪತ್ತು ವ್ಯಾಟು. ಮಿಕ್ಕ ಒಂಬೈನೂರ ಎಂಬತ್ತು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದ್ದರೆ ಕೆಇಬಿಯವರೂ ಬೆವರುತ್ತಿದ್ದರು. ಸಾಚಾ ವ್ಯಾಟೇ ಕೊಟ್ಟರೂ, ಮನೆಯ ಮಾಮೂಲು ಸ್ಪೀಕರಿಗೆ ಹೋದ ನೂರು ವ್ಯಾಟಿನಲ್ಲಿ ಸದ್ದಾಗುವುದು ಹೆಚ್ಚೆಂದರೆ ಒಂದು ವ್ಯಾಟು. ಉಳಿದ ತೊಂಬತ್ತೊಂಬತ್ತು ಒಳಗಿನ ಸುರುಳಿ ಕಾಯಿಸಲಿಕ್ಕೆ. ನೋಡಬೇಕಾದ ಲೆಕ್ಕ ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವುದು. ಮನೆಯ ಸ್ಪೀಕರು 86ರಿಂದ 90 ತೆಗೆದರೆ, ಊರ ಕಂಬದ ಮೇಲೆ ಕೂತ ಬಡ ಹಾರನ್ನು ನೂರು ದಾಟುತ್ತದೆ. ಅದಕ್ಕೇ ಹಳೇ ಆಂಪ್ಲಿಫೈಯರೊಂದು ಎರಡು ಹಾರನ್ನಿಟ್ಟುಕೊಂಡು ಇಡೀ ಹಳ್ಳಿಯನ್ನು ಎಬ್ಬಿಸುತ್ತದೆ. ಹಾರನ್ನಿನ ಕೊರತೆ ಒಂದೇ, ಅದಕ್ಕೆ ಕೆಳದನಿಯೂ ಇಲ್ಲ, ತುದಿಯ ದನಿಯೂ ಇಲ್ಲ. ಅದರ ಬಾಯಲ್ಲಿ ಸುಪ್ರಭಾತವೂ, ಸಂತೆಯ ಹರಾಜೂ, ರಾಜಕಾರಣಿಯ ಭಾಷಣವೂ ಮೂಗು ಹಿಡಿದುಕೊಂಡೇ ಬರುತ್ತವೆ.

ವ್ಯಾಟನ್ನು ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟಾಗುತ್ತದೆ ಎಂದು ನಂಬಿದವರು ಬಾಡಿಗೆಯನ್ನು ಎರಡರಷ್ಟು ಕೊಡುತ್ತಾರೆ. ವ್ಯಾಟ್ ಎರಡರಷ್ಟಾದರೆ ಏರುವುದು 3 ಡೆಸಿಬೆಲ್. ಕಿವಿಗೆ ‘ಏನೋ ಒಂಚೂರು ಜಾಸ್ತಿಯಾಯ್ತೇನೋ’ ಅನಿಸುವಷ್ಟು. ನಿಜಕ್ಕೂ ಎರಡರಷ್ಟು ಅನಿಸಬೇಕಾದರೆ ವ್ಯಾಟು ಹತ್ತರಷ್ಟಾಗಬೇಕು. ಬಯಲಿನಲ್ಲಾದರೆ ಇನ್ನೊಂದು ಕರ ಬೀಳುತ್ತದೆ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕಳೆಯುತ್ತದೆ.

ಬಯಲು ಅಂದ ಕೂಡಲೇ ನಮ್ಮ ಕುರುಕ್ಷೇತ್ರ ನಾಟಕ ನೆನಪಾಗದಿದ್ದರೆ ಅವನು ಹಾಸನ ಜಿಲ್ಲೆಯವನೇ ಅಲ್ಲ. ಪಾತ್ರಕ್ಕೆ ದುಡ್ಡು ಕೊಟ್ಟು ಬಣ್ಣ ಹಚ್ಚುವ ರಂಗ ಇದು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ ಕಟ್ಟಿದವನು ಮೇಲಿಂದ ಇಳಿಬಿಟ್ಟ ಮೈಕನ್ನೂ ಆ ದುಡ್ಡಿನಲ್ಲೇ ಕೊಂಡೆ ಎಂದುಕೊಂಡಿರುತ್ತಾನೆ. ಕೃಷ್ಣ ಹಾಡುವಾಗಲೂ ಮೈಕಿನ ಕೆಳಗಿಂದ ಕದಲುವುದಿಲ್ಲ. ಸಂಧಾನ ಮುರಿಯುವುದೇ ಅಲ್ಲಿ. ಇತ್ತ ಹಾರನ್ನುಗಳನ್ನು ಒಂದು ತೆಂಗಿನ ಮರ, ಒಂದು ಲೈಟ್ ಕಂಬ, ಇನ್ನೊಂದು ಶಾಲೆಯ ಮಾಡು, ಹೀಗೆ ದೂರದೂರ ಕಟ್ಟಿರುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುವ ಪ್ರಾಣಿ. ನೂರಡಿ ಆಚೆಯ ಹಾರನ್ನಿನ ಮಾತು ಸೆಕೆಂಡಿನ ಹನ್ನೊಂದನೇ ಒಂದು ಪಾಲು ತಡವಾಗಿ, ಮುನ್ನೂರಡಿ ಆಚೆಯದು ಇನ್ನೂ ತಡವಾಗಿ ಬರುತ್ತದೆ. ದುರ್ಯೋಧನ ಒಬ್ಬ ಅಬ್ಬರಿಸಿದರೆ ಹಿಂದಿನಿಂದ ದುಶ್ಶಾಸನ, ವಿಕರ್ಣ ಎಲ್ಲ ಅದನ್ನೇ ಹೇಳಿದಂತೆ ಕೇಳುತ್ತದೆ. ಕೌರವರು ನೂರು ಜನ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ದೊಡ್ಡ ಸಭೆಗಳಲ್ಲಿ ಇದಕ್ಕೆ ಮದ್ದುಂಟು. ದೂರದ ಸ್ಪೀಕರಿಗೆ ಹೋಗುವ ಮಾತನ್ನು ಅಷ್ಟೇ ಹೊತ್ತು ಯಂತ್ರದಲ್ಲಿ ತಡೆಹಿಡಿದು ಬಿಡುತ್ತಾರೆ, ವೇದಿಕೆಯ ದನಿಯೂ ಅದೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ನಮ್ಮ ದುರ್ಯೋಧನನನ್ನು ತಡೆಹಿಡಿಯುವವರು ಯಾರು?

ಕಾನೂನಂತೂ ಪ್ರಯತ್ನ ಪಟ್ಟಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ 15 ದಿನ ಮೀರದಂತೆ, ಹಬ್ಬಹರಿದಿನಗಳಿಗೆ, ಸರ್ಕಾರ 12 ಗಂಟೆವರೆಗೆ ಸಡಿಲ ಕೊಡಬಹುದು. 12 ಗಂಟೆಗೆ ನಮ್ಮಲ್ಲಿ ಕೃಷ್ಣ ಇನ್ನೂ ಸಂಧಾನಕ್ಕೆ ಹೊರಟಿರುವುದಿಲ್ಲ. ನಿಯಮ ಪಾಲಿಸಿದರೆ ಯುದ್ಧವೇ ನಡೆಯುವುದಿಲ್ಲ, ಭೀಮನ ಗದೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇನ್ನು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮಿತಿ. ಗಣಪತಿ ಮೆರವಣಿಗೆಯ ಡಿಜೆ ಮುಂದೆ ಫೋನಿನ ಆ್ಯಪ್ ಹಿಡಿದು ನಿಂತವರಿಗೆ ಗೊತ್ತು, ಮುಳ್ಳು ಆ ಅಂಕಿಗಳನ್ನು ತಿರುಗಿಯೂ ನೋಡುವುದಿಲ್ಲ.

ಮೈಕಿಲ್ಲದ ಕಾಲದವರು ಏನು ಮಾಡುತ್ತಿದ್ದರು? ಉಪಾಯ ಹುಡುಕುತ್ತಿದ್ದರು. ತಿರುಮಕೂಡಲು ಚೌಡಯ್ಯನವರು ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿಲ್ಲವೆಂದು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದಾಗಿ ಮಾಡಿಕೊಂಡರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ 1980ರಲ್ಲಿ ಎದ್ದ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ವಿಜಯಪುರದ ಗೋಳಗುಮ್ಮಟದಲ್ಲಂತೂ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಗೋಡೆಗೆ ಕಿವಿಯಿಟ್ಟವನಿಗೆ ಕೇಳುತ್ತದೆ. ಸದ್ದು ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸಾಗುತ್ತದೆ. ಸರ್ ಸಿ.ವಿ. ರಾಮನ್ ಅವರು 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿ ಈ ಪಿಸುಮಾತಿನ ಬೆನ್ನು ಹತ್ತಿದವರು, ಆಮೇಲೆ ನಮ್ಮ ಗೋಳಗುಮ್ಮಟವನ್ನೂ ಬಿಡಲಿಲ್ಲ. ಅಂಥ ಗುಮ್ಮಟದಲ್ಲಿ ಪ್ರವಾಸಿಗಳು ಮಾಡುವುದು ಮಾತ್ರ ‘ಹೋ’ ಎಂದು ಕಿರುಚುವುದು. ಅದು ಬಾದಷಹನ ಸಮಾಧಿ. ಅಲ್ಲಿ ಮಾತು ತಿಳಿಯದಿದ್ದರೂ ನಡೆಯುತ್ತದೆ. ಮದುವೆ ಮಂಟಪ ಕಟ್ಟುವವರು ಆ ಮಾದರಿ ಹಿಡಿಯಬೇಕೇ?

ಹಾಗಾದರೆ ಮಾಡಬೇಕಾದ್ದೇನು? ಅಳಿಯ ಹೇಳಿದ ಪಟ್ಟಿ ಬಲು ಬಡವರ ಪಟ್ಟಿ. ವೇದಿಕೆಯ ಪಕ್ಕ ಎರಡು ಆಳೆತ್ತರದ ಬಾಕ್ಸ್ ಪೇರಿಸಿ ಹಾಲಿನ ತುದಿಯವರೆಗೆ ಒದರಿಸುವ ಬದಲು, ಸಣ್ಣ ಸ್ಪೀಕರುಗಳನ್ನು ಜನರ ಹತ್ತಿರ ಕಂಬಕ್ಕೊಂದರಂತೆ ಹಾಕಿ, ಮೆಲುದನಿಯಲ್ಲಿ, ಕಿವಿಗೆ ಮುಖಮಾಡಿ ಬಿಡಬೇಕು. ಸಂಗತಿ ಇದು: ಆ ಎಂಟು ಸೆಕೆಂಡಿನ ಹಾಲಿನಲ್ಲಿ ಒಳ್ಳೆಯ ಬಾಕ್ಸಿನಿಂದಲೂ ಹತ್ತು ಹನ್ನೆರಡು ಅಡಿ ದಾಟಿದರೆ ನೀವು ಕೇಳುವುದರಲ್ಲಿ ಸ್ಪೀಕರಿನ ಪಾಲಿಗಿಂತ ಗೋಡೆಗಳ ಪಾಲು ಹೆಚ್ಚು. ಹತ್ತಿರ ಹೋಗದೆ ಬೇರೆ ದಾರಿಯಿಲ್ಲ. ಎರಡನೆಯದು ನುಂಗುವ ವಸ್ತು. ವೇದಿಕೆಯ ಥರ್ಮೋಕೋಲ್ ಹಂಸಗಳು ಸದ್ದು ನುಂಗುತ್ತವೆ ಎಂದು ಕೆಲವರು ನಂಬಿದ್ದಾರೆ. ಥರ್ಮೋಕೋಲಿನ ಗುಳ್ಳೆಗಳ ಬಾಯೆಲ್ಲ ಮುಚ್ಚಿರುತ್ತದೆ, ಗಾಳಿ ಒಳಹೋಗದ ಕಡೆ ಸದ್ದೂ ಹೋಗದು. ಮೊಟ್ಟೆ ಟ್ರೇ ಬಡಿದವರದೂ ಹೆಚ್ಚುಕಡಿಮೆ ಅದೇ ಕಥೆ. ಬೇಕಾದ್ದು ದಪ್ಪಗೆ, ಎಳೆ ಎಳೆಯಾಗಿ, ಗಾಳಿ ಆಡುವಂಥದ್ದು. ಹಾಗೆಂದರೆ ನಾರು! ತೆಂಗಿನ ಸೀಮೆಯಲ್ಲಿ ಕೂತು ಸದ್ದು ನುಂಗುವ ಸಾಮಾನಿಗೆ ಬೆಂಗಳೂರಿಗೆ ಫೋನು ಮಾಡುವವರಿಗೆ ಏನು ಹೇಳೋಣ? ತೆಂಗಿನ ನಾರಿನ ದಪ್ಪ ಹಾಳೆಯನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕಟ್ಟಿದರೆ ಮಾತಿನ ದನಿಗಳನ್ನು ಅದು ಚೆನ್ನಾಗಿಯೇ ಹೀರುತ್ತದೆ. ಕೊಬ್ಬರಿಗೆ ರೇಟಿಲ್ಲದ ವರ್ಷ ಸಿಪ್ಪೆಯಾದರೂ ಮಾನ ಉಳಿಸಲಿ.

ಡಿಜೆಯ ‘ದಬ್ ದಬ್’ ಮಾತ್ರ ನಾರಿಗೂ ಬಗ್ಗುವುದಿಲ್ಲ. 50 ಹರ್ಟ್ಸಿನ ಒಂದು ಅಲೆಯ ಉದ್ದ ಇಪ್ಪತ್ತೆರಡು ಅಡಿ. ನಾಲ್ಕು ಬೆರಳಿನ ಹಾಳೆ ಅದಕ್ಕೆ ಲೆಕ್ಕವೇ ಅಲ್ಲ. ಹೊಸ ಮನೆ ಕಟ್ಟಿಸಿ ಹನ್ನೆರಡಕ್ಕೆ ಹನ್ನೆರಡರ ಕೋಣೆಯಲ್ಲಿ ಹೋಂ ಥಿಯೇಟರ್ ಇಟ್ಟವರಿಗೂ ಇದೇ ಪೀಡೆ. ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಸಿನ ಸುತ್ತ ಒಂದು ಅಲೆ ಸಿಕ್ಕಿಕೊಂಡು ನಿಲ್ಲುತ್ತದೆ, ಕೋಣೆ ಚೌಕವಾದರೆ ಎರಡು ಕಡೆಯಿಂದಲೂ. ಸಾಲ ಮಾಡಿ ತಂದ ಯಜಮಾನ ನಟ್ಟನಡುವೆ ಸೋಫಾದಲ್ಲಿ ಕುಳಿತರೆ ಅವನಿಗೆ ಬೇಸ್ ಕೇಳುವುದೇ ಇಲ್ಲ. ಗೋಡೆಗೆ ಒರಗಿ ತೂಕಡಿಸುವ ಮಾವನವರಿಗೆ ಎದೆ ನಡುಗುವಷ್ಟು ಕೇಳುತ್ತದೆ, ಪಕ್ಕದ ಮನೆಯ ಸ್ಟ್ಯಾಂಡಿನ ತಟ್ಟೆ ಲೋಟಗಳಿಗೆ ಅದಕ್ಕಿಂತ ಚೆನ್ನಾಗಿ ಕೇಳುತ್ತದೆ. ಯಜಮಾನ ಅಂಗಡಿಗೆ ಹೋಗಿ ‘ಇನ್ನೂ ದೊಡ್ಡ ವೂಫರ್ ಕೊಡಿ’ ಎನ್ನುತ್ತಾನೆ. ಸೋಫಾ ಎರಡಡಿ ಹಿಂದೆ ಸರಿಸಿದ್ದರೆ ಆಗುತ್ತಿತ್ತು.

ಅಳತೆಗೆ ಲ್ಯಾಪ್‌ಟಾಪೇ ಬೇಕೆಂದಿಲ್ಲ. ಟೆಲಿಫೋನು ಕಾಲದ ಇಂಜಿನಿಯರುಗಳು ಮಾಡುತ್ತಿದ್ದ ಪರೀಕ್ಷೆಯೊಂದಿದೆ. ಒಬ್ಬ ಅರ್ಥವಿಲ್ಲದ ಬಿಡಿ ಅಕ್ಷರಗಳನ್ನು ಓದುವುದು, ಇತರರು ಕೇಳಿದಂತೆ ಬರೆದುಕೊಳ್ಳುವುದು, ನೂರಕ್ಕೆ ಎಷ್ಟು ಸರಿಬಂತೋ ಅದೇ ಯಂತ್ರದ ಯೋಗ್ಯತೆ. ನಮ್ಮಲ್ಲಿ ಇದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ಆಗಲೇ ಚಾಲ್ತಿಯಲ್ಲಿದೆ, ಅದೇ ಮೈಕಿನಲ್ಲಿ ಮುಯ್ಯಿ ಕೂಗುವುದು. ಊರು, ಹೆಸರು, ಮೊತ್ತ ಮೂರೂ ಸ್ಪಷ್ಟವಾಗಬೇಕು. ಕೇಳುವವರೂ ಆಗ ಕಿವಿ ನಿಮಿರಿಸಿಕೊಂಡೇ ಇರುತ್ತಾರೆ. ಹಿಂದಿನ ಸಾಲಿನಲ್ಲಿ ಹತ್ತು ಜನಕ್ಕೆ ಚೀಟಿ ಪೆನ್ಸಿಲು ಕೊಡಿ. ಕೊನೆಗೆ ಚೀಟಿಯನ್ನೂ ಮುಯ್ಯಿ ಪುಸ್ತಕವನ್ನೂ ತಾಳೆ ನೋಡಿ. ನೂರಕ್ಕೆ ತೊಂಬತ್ತು ತಾಳೆಯಾದರೆ ಹಾಲು ಪಾಸು, ಇಲ್ಲವಾದರೆ ಓನರು ಬಾಡಿಗೆಯಲ್ಲಿ ಕಡಿತ ಕೊಡಲಿ.

ಈ ಸಲಹೆಯನ್ನು ಮೈಕ್‌ಸೆಟ್ಟಿನ ಅಣ್ಣನ ಮುಂದಿಟ್ಟೆ. ಅವರು ವೈರು ಸುತ್ತುತ್ತಾ ತಲೆಯೆತ್ತದೆ ಹೇಳಿದರು: ‘ಹಂಗೆಲ್ಲಾ ಕ್ಲಿಯರ್ ಮಾಡ್ಬುಟ್ರೆ ನಮ್ಗೆ ಕೆಲ್ಸ ಸಿಕ್ಕಲ್ಲ ಸಾ. ಮುಯ್ಯಿ ಕೂಗೋ ಹೊತ್ನಲ್ಲಿ ನೂರಾ ಒಂದು ಕೊಟ್ಟೋರೆಲ್ಲಾ ನನ್ ಪಕ್ಕಕ್ಕೆ ಬಂದು ಏನಂತಾರೆ ಗೊತ್ತಾ? ಎಕೋ ಒಂಚೂರು ಜಾಸ್ತಿ ಮಾಡಪ್ಪಾ ಅಂತಾರೆ.’